ಬೇಲಿಯ ಹಣ್ಣು, ಚರ್ಚಿನ ಜಾಮು

ಜೀವಮಾನವಿಡೀ ಊರ ಮಕ್ಕಳಿಗೆ ಭೂಗೋಳ ಕಲಿಸಿ ದಣಿದ ಮನುಷ್ಯನಿಗೆ ಮುಪ್ಪಿನಲ್ಲಿ ಬೇಕಾದದ್ದಾದರೂ ಏನು? ಬೆಳಗ್ಗೆ ಒಂದು ಕಪ್ ಚಹಾ, ಎರಡು ತುಂಡು ಟೋಸ್ಟು, ಅದರ ಮೇಲೆ ಹೆಂಡತಿ ಮಾಡಿದ ಬ್ಲ್ಯಾಕ್‌ಬೆರಿ ಜಾಮು. ಲೆನರ್ಡ್ ಪ್ಯಾಡ್‌ಮೋರ್‌ಗೆ ಮೊದಲಿನ ಎರಡು ಸಿಗುತ್ತಿದ್ದವು. ಮೂರನೆಯದು ಪ್ರತಿ ವರ್ಷವೂ ಅವನ ಮೂಗಿನ ಕೆಳಗೇ ಕುದಿದು, ಅವನ ಕಣ್ಣೆದುರೇ ಸೀಸೆ ಸೇರಿ, ಚರ್ಚಿನ ಸಂತೆಗೆ ಹೊರಟುಹೋಗುತ್ತಿತ್ತು. ಚರ್ಚಿನ ಚಾವಣಿ ಸೋರುತ್ತದಂತೆ, ರಿಪೇರಿಗೆ ಹಣ ಬೇಕಂತೆ. (ಲೆನರ್ಡ್‌ನ ಮದುವೆಯ ದಿನವೂ ಅದು ಸೋರುತ್ತಿತ್ತು. ಊರ ಹೆಂಗಸರ ಜಾಮನ್ನೆಲ್ಲ ನೇರವಾಗಿ ಬಿರುಕಿಗೇ ಮೆತ್ತಿದ್ದರೂ ಇಷ್ಟು ಹೊತ್ತಿಗೆ ನಿಲ್ಲುತ್ತಿತ್ತು ಎಂಬುದು ಅವನ ಖಾಸಗಿ ಅಭಿಪ್ರಾಯ.) ಒಂದು ಸೀಸೆಗಾಗಿ ಬೇಡಿ ಬೇಡಿ ಅವನಿಗೆ ಸಾಕಾಗಿಹೋಗಿತ್ತು.

ಈ ವರ್ಷ ಮಾತ್ರ ಅವನಿಗೆ ಹೊಸ ಬಲ ಬಂದಿತ್ತು. ನಿವೃತ್ತಿಯಾದ ಗಂಡ ದಿನವಿಡೀ ಅಡುಗೆಮನೆಯಲ್ಲಿ ಕಾಲಿಗೆ ತೊಡರುತ್ತಾನೆಂದು ಹೆಂಡತಿ ಡಿಲಿಸಳೇ ಅರ್ಜಿ ಹಾಕಿಸಿ, ಅವನೀಗ ಪಕ್ಕದ ಪೇಟೆಯ ಕೋರ್ಟಿನಲ್ಲಿ ಸಂಬಳವಿಲ್ಲದ ಮ್ಯಾಜಿಸ್ಟ್ರೇಟ್ ಆಗಿದ್ದ. (ಆ ದೇಶದಲ್ಲಿ ಅದಕ್ಕೆ ವಕೀಲಿ ಓದಿರಬೇಕಿಲ್ಲ, ಸಣ್ಣದೊಂದು ತರಬೇತಿ ಸಾಕು.) ತರಬೇತಿ ಮುಗಿಸಿ ಬಂದಂದಿನಿಂದ ಕಳ್ಳತನದ ಲಕ್ಷಣಗಳನ್ನು ಐದು ಬೆರಳ ಮೇಲೆ ಎಣಿಸುವುದು ಅವನಿಗೆ ಜಪವಾಗಿಬಿಟ್ಟಿತ್ತು. ಅದು ಸ್ವತ್ತಾಗಿರಬೇಕು, ಪರರದ್ದಾಗಿರಬೇಕು, ತನ್ನದೆಂಬಂತೆ ಕೈಹಾಕಿರಬೇಕು, ಮನಸ್ಸಿನಲ್ಲಿ ಅಪ್ರಾಮಾಣಿಕತೆ ಇರಬೇಕು, ಹಿಂದಿರುಗಿಸುವ ಉದ್ದೇಶ ಇರಕೂಡದು. ಇವುಗಳಲ್ಲಿ ಒಂದು ಇಲ್ಲವೆಂದು ಬೆರಳು ಮಡಚಿದರೂ ಕಳ್ಳ ಕಳ್ಳನಲ್ಲ.

ಡಿಲಿಸ್ ಬಿಸಿ ಜಾಮನ್ನು ಸೀಸೆಗಳಿಗೆ ತುಂಬುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ಡಿಲಿಸ್, ಈ ಹಣ್ಣು ಯಾರ ಬೇಲಿದು?"

"ಮಿಸೆಸ್ ಫ್ರೇನ್ ಅವರ ಹೊಲದ್ದು. ಯಾಕೆ?"

"ಅವರನ್ನ ಕೇಳಿದ್ಯಾ?"

"ಬೇಲಿ ಹಣ್ಣಿಗೆ ಯಾರನ್ನ ಕೇಳ್ತಾರೆ ಲೆನ್? ನಮ್ಮಜ್ಜಿ ಕಿತ್ತಿದ್ಲು, ಅವಳಜ್ಜಿ ಕಿತ್ತಿದ್ಲು."

"ಕಾನೂನೂ ಅದನ್ನೇ ಹೇಳುತ್ತೆ. ತಾನಾಗಿ ಬೆಳೆದ ಹಣ್ಣು, ಪರರ ನೆಲದಲ್ಲಿದ್ರೂ ಕಿತ್ತರೆ ಕಳ್ಳತನ ಅಲ್ಲ. ಆದ್ರೆ," ಎಂದು ಲೆನರ್ಡ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ, "ಮಾರೋಕೆ ಅಂತ ಕಿತ್ತರೆ ಕಳ್ಳತನ!"

ಸೌಟು ನಿಂತಿತು. "ಚರ್ಚಿಗೋಸ್ಕರ ಮಾರಿದ್ರೂ?"

"ಮಾರಾಟ ಅಂದ್ರೆ ಮಾರಾಟ. ದೇವರ ಚಾವಣಿಗೆ ಅಂತ ರಿಯಾಯಿತಿ ಇಲ್ಲ. ಮನೇಲೇ ಇಟ್ಕೊಂಡು ತಿಂದ್ರೆ ಮಾತ್ರ ತಪ್ಪಿಲ್ಲ."

"ಇಷ್ಟನ್ನೂ ಯಾರು ತಿನ್ನೋದು?"

"ನಿನಗೋಸ್ಕರ ಆ ಭಾರ ನಾನು ಹೊರ್ತೀನಿ."

ಡಿಲಿಸ್ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಸರಿ, ಯೋಚನೆ ಮಾಡ್ತೀನಿ," ಎಂದಳು. ಇಷ್ಟು ವರ್ಷ ಸಂಸಾರ ಮಾಡಿದವನು ಆ ಮಾತಿಗೆ ಹೆದರಬೇಕಿತ್ತು. ಅವನು ಗೆದ್ದೆನೆಂದು ಪೇಪರ್ ಓದಲು ಹೋದ.

ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆ ಖಾಲಿ. ಸೀಸೆಗಳೂ ಇಲ್ಲ, ಹೆಂಡತಿಯೂ ಇಲ್ಲ. ಒಣ ಟೋಸ್ಟು ಗಂಟಲಲ್ಲಿ ಇಳಿಯಲಿಲ್ಲ. ಅವನು ಕೋಟು ಹಾಕಿಕೊಂಡು ಚರ್ಚಿನ ಹಾಲ್‌ಗೆ ನಡೆದ.

ಸಂತೆ ಇನ್ನೂ ಶುರುವಾಗಿರಲಿಲ್ಲ. ಹೆಂಗಸರು ಒಳಗೆ ಚಹಾಕ್ಕೆ ನೀರಿಟ್ಟಿದ್ದರು. ಮೇಜಿನ ಮೇಲೆ ಡಿಲಿಸಳ ಸೀಸೆಗಳು ಚೌಕುಳಿ ಬಟ್ಟೆಯ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಲೆನರ್ಡ್ ಬೆರಳು ಎಣಿಸತೊಡಗಿದ. ಸಕ್ಕರೆ ನನ್ನ ಪಿಂಚಣಿಯದು, ಒಲೆ ನನ್ನದು, ಮಾಡಿದವಳು ನನ್ನ ಹೆಂಡತಿ. ಪರರದ್ದು ಎಂಬ ಬೆರಳು ಮಡಚಿತು. ಒಂದು ಸೀಸೆ ಎತ್ತಿಕೊಂಡು, ಕೋಟುಗಳನ್ನು ನೇತುಹಾಕಿದ್ದ ಕಡೆ ಹೋಗಿ, ಅವುಗಳ ಹಿಂದೆ ನಿಂತು ಮುಚ್ಚಳ ತೆಗೆದ. (ಚಮಚ ಯಾರದೆಂದು ದಯವಿಟ್ಟು ಕೇಳಬೇಡಿ.) ಮೊದಲ ಚಮಚ ಬಾಯಿಗಿಟ್ಟಾಗ ಅವನಿಗೆ ನಿಜಕ್ಕೂ ಕಣ್ಣು ತುಂಬಿಬಂತು.

"ಮಿಸ್ಟರ್ ಪ್ಯಾಡ್‌ಮೋರ್."

ಕೋಟುಗಳನ್ನು ಎರಡು ಕಡೆಗೆ ಸರಿಸಿ ನಿಂತಿದ್ದವರು ಸಾಕ್ಷಾತ್ ಮಿಸೆಸ್ ಫ್ರೇನ್. ಬೇಲಿಯ ಒಡತಿಯೂ ಅವರೇ, ಈ ಸಲದ ಜಾಮಿನ ಮೇಜಿನ ಉಸ್ತುವಾರಿಯೂ ಅವರದೇ. "ಆ ಸೀಸೆ ಚರ್ಚಿನದು," ಎಂದರು.

"ನನ್ನ ಹೆಂಡತಿ ಮಾಡಿದ್ದು! ನನಗೆ ಹಕ್ಕಿದೆ ಅಂತ ಪ್ರಾಮಾಣಿಕವಾಗಿ ನಂಬಿದ್ದೆ. ಹಾಗೆ ನಂಬಿದವನು ಕಾನೂನಿನಲ್ಲಿ ಕಳ್ಳ ಅಲ್ಲ."

"ಅಷ್ಟೊಂದು ನಂಬಿಕೆ ಇದ್ದವರು ಕೋಟುಗಳ ಹಿಂದೆ ಯಾಕೆ ನಿಂತಿದ್ದೀರಿ?"

ಲೆನರ್ಡ್ ತರಬೇತಿಯ ಮುಂದಿನ ಪಾಠಕ್ಕೆ ಹಾರಿದ. "ಅಪ್ರಾಮಾಣಿಕತೆ ಹೌದೋ ಅಲ್ವೋ ಅನ್ನೋದನ್ನ ಸಾಮಾನ್ಯ ಸಭ್ಯ ಜನರ ಅಳತೆಯಲ್ಲಿ ನೋಡಬೇಕಾಗುತ್ತೆ," ಎಂದು ಬಾಯಿ ಜಾರಿ ಹೇಳಿಬಿಟ್ಟ.

"ನೋಡೇಬಿಡೋಣ." ಆಕೆ ಬಾಗಿಲ ಕಡೆ ತಿರುಗಿದರು. ಹೊರಗೆ ಊರೇ ಚೀಲ ಹಿಡಿದು ಸಾಲು ನಿಂತಿತ್ತು. "ಸಭ್ಯ ಜನರೇ, ಮ್ಯಾಜಿಸ್ಟ್ರೇಟರು ಕೋಟುಗಳ ಹಿಂದೆ ನಿಂತು ಚರ್ಚಿನ ಜಾಮು ತಿಂತಿದ್ದಾರೆ. ಇದು ಅಪ್ರಾಮಾಣಿಕ ಅನ್ನೋರು ಕೈ ಎತ್ತಿ!"

ಸಾಲಿಗೆ ಸಾಲೇ ಕೈ ಎತ್ತಿತು. ಚಹಾದ ಕೋಣೆಯ ಬಾಗಿಲಲ್ಲಿ ಎಲ್ಲಕ್ಕಿಂತ ಮೇಲೆದ್ದ ಕೈಯ ಬೆರಳುಗಳು ಹಣ್ಣಿನ ಕರೆಯಿಂದ ನೇರಳೆಯಾಗಿದ್ದವು.

"ಡಿಲಿಸ್! ನೀನೂನಾ?"

"ಯಾಕೆ, ನಾನು ಸಭ್ಯಳಲ್ವಾ?"

ಲೆನರ್ಡ್‌ಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಇಡೀ ಮೇಜೇ ಕಳವಿನ ಮಾಲು! ಮಾರೋಕೆ ಅಂತ ಕಿತ್ತಿದ್ದು! ಮಿಸೆಸ್ ಫ್ರೇನ್, ನಿಮ್ಮ ಬೇಲಿದೇ!" ಅಂದ ಮೇಲೆ, ಕಟ್ಟಿಕೊಂಡ ಹೆಂಡತಿಯನ್ನೇ ಕಟಕಟೆ ಹತ್ತಿಸಿದೆನಲ್ಲ ಎಂದು ಅವನಿಗೇ ನಾಚಿಕೆಯಾಯಿತು.

"ಗೊತ್ತು," ಎಂದರು ಮಿಸೆಸ್ ಫ್ರೇನ್. "ಮೊನ್ನೆ ಡಿಲಿಸ್ ಬಂದು ಎಲ್ಲ ಹೇಳಿದ್ರು, ಪಾಪ ಅಳೋ ಹಾಗಾಗಿದ್ರು. ಕೇಳಿದ್ರೆ ನಾನು ಬೇಡ ಅಂತಿದ್ನಾ? ಅದು ಅವರಿಗೂ ಗೊತ್ತಿತ್ತು. ಒಡೆಯರು ಒಪ್ತಾರೆ ಅಂತ ನಂಬಿ ಕಿತ್ತರೆ ಅದು ಕಳ್ಳತನ ಹೇಗಾಗುತ್ತೆ?"

"ಆದ್ರೂ ಇವರ ಮನೆಗೆ ಬರಿಗೈಲಿ ಹೋಗೋಕಾಗುತ್ತಾ ಲೆನ್?" ಎಂದಳು ಡಿಲಿಸ್. "ವರ್ಷಾ ವರ್ಷಾ ಮುಖ ಸಪ್ಪೆ ಮಾಡ್ಕೋತೀಯಲ್ಲ ಅಂತ ಈ ಸಲ ನಿನಗೆ ಅಂತಲೇ ಒಂದಷ್ಟು ಸೀಸೆ ಎತ್ತಿಟ್ಟಿದ್ದೆ, ಚಳಿಗಾಲಕ್ಕಾಗೋವಷ್ಟು. ನೀನು ಹಾಗೆ ಹೆದರಿಸಿದ ಮೇಲೆ ತಗೊಂಡ್ಹೋಗಿ ಇವರಿಗೇ ಕೊಟ್ಟುಬಂದೆ."

"ಎಲ್ಲಾನೂ?"

"ತುಂಬಾ ಚೆನ್ನಾಗಿದೆ," ಎಂದರು ಮಿಸೆಸ್ ಫ್ರೇನ್. "ಇವತ್ತು ಬೆಳಗ್ಗೆ ಟೋಸ್ಟಿಗೆ ಹಚ್ಚಿಕೊಂಡೆ." ಹಾಗೆಂದು ಅವನ ಕೈಯಿಂದ ಸೀಸೆ ತೆಗೆದುಕೊಂಡರು. ಆಮೇಲೆ ಚಮಚವನ್ನೂ.