ಪೊವೇಗೆ ಬಂದಿಳಿದ ಇಂಗ್ಲಿಷ್ ತುಂಟಿಯರು

ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ. ನಮ್ಮ ಮನೆಯಲ್ಲಿ ಮಗಳು ಏನಾದರೊಂದು ಮಾಡಿರುತ್ತಾಳೆ. ಆಗ ನಾವು ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿದ್ದೆವು. ನನಗೆ ಅಲ್ಲೇ ಒಂದು ಫೋನ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ನನ್ನ ಗಂಡನಿಗೆ ಲಾಸ್ ಏಂಜಲೀಸಿನ ಆಚೆ, ವುಡ್‌ಲ್ಯಾಂಡ್ ಹಿಲ್ಸಿನಲ್ಲಿ ಆಫೀಸು. ವಾರವಿಡೀ ಅಲ್ಲೇ ಒಂದು ರೂಮಿನಲ್ಲಿದ್ದು ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದರು. ಮನೆಯಲ್ಲಿ ಶಾಂತಿಯೂ ಹೆಚ್ಚುಕಡಿಮೆ ಹಾಗೇ, ಬಂದಷ್ಟೇ ಬೇಗ ಹೊರಟುಬಿಡುತ್ತಿತ್ತು. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಪಕ್ಕದ ಮನೆಯ ಪೆಟ್ಟಿಗೆ

ಪಕ್ಕದ ಮನೆಯಲ್ಲಿ ಇಂಗ್ಲೆಂಡಿನ ವಯಸ್ಸಾದ ಮೇಡಂ ಒಬ್ಬರಿದ್ದರು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದು, ರಿಟೈರ್ ಆದ ಮೇಲೆ ಮಗನ ಹತ್ತಿರ ಬಂದು ನೆಲೆಸಿದವರು. ಒಂದು ದಿನ ಗ್ಯಾರೇಜು ಖಾಲಿ ಮಾಡುತ್ತಾ, "ನಿಮ್ಮ ಮಗಳಿಗೆ ಕೊಡಿ, ನಮ್ಮ ಕಡೆಯ ಮಕ್ಕಳ ಕಾಮಿಕ್ಸು" ಎಂದು ಒಂದು ಪೆಟ್ಟಿಗೆ ಕೊಟ್ಟರು.

ನನಗೆ ಬಹಳ ಸಂತೋಷವಾಯಿತು. ಬ್ರಿಟಿಷರ ಕಾಮಿಕ್ಸು ಅಂದಮೇಲೆ ಮಗಳು ಒಳ್ಳೆ ಇಂಗ್ಲಿಷು ಕಲಿಯುತ್ತಾಳೆ, ನಯವಿನಯ ಕಲಿಯುತ್ತಾಳೆ, ಊಟ ಮಾಡುವಾಗ ಮೊಣಕೈ ಟೇಬಲ್ ಮೇಲಿಡುವುದನ್ನು ಬಿಡುತ್ತಾಳೆ ಅಂದುಕೊಂಡೆ. "ಇದರಲ್ಲಿರೋ ಹುಡುಗೀರನ್ನ ನೋಡಿ ಕಲಿ" ಎಂದು ನಾನೇ ಬಾಯಾರೆ ಹೇಳಿದೆ.

ಒಂದು ವಾರ ಮನೆ ನಿಶ್ಶಬ್ದ. ಇಷ್ಟು ಮೌನ ಒಳ್ಳೆಯದಲ್ಲ ಅನ್ನಿಸಿ ನಾನೂ ಒಂದನ್ನು ತೆರೆದು ನೋಡಿದೆ. ಮೊದಲ ಪುಟದಲ್ಲಿ ಜಡೆ ಕೆದರಿಕೊಂಡ ಹುಡುಗಿ ಟೀಚರ್ ಕುರ್ಚಿಗೆ ಅಂಟು ಬಳಿಯುತ್ತಿದ್ದಳು. ಎರಡನೇ ಪುಟದಲ್ಲಿ ಇನ್ನೊಬ್ಬಳು ಕವಣೆ ಹಿಡಿದು ಪೊಲೀಸನ ಟೋಪಿಗೆ ಗುರಿಯಿಟ್ಟಿದ್ದಳು. ಮೂರನೆಯದರಲ್ಲಿ ಒಂದು ಹಾಸ್ಟೆಲ್ಲಿನ ಅಷ್ಟೂ ಹುಡುಗಿಯರು ಸೇರಿ ಹೆಡ್‌ಮಿಸ್ಟ್ರೆಸ್ಸನ್ನು ಕೊಳಕ್ಕೆ ತಳ್ಳುತ್ತಿದ್ದರು.

ಪುಸ್ತಕ ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿದೆ. "ಮೇಡಂ, ಇದರಲ್ಲಿ ಒಬ್ಬಳೂ ಒಳ್ಳೆ ಹುಡುಗಿ ಇಲ್ಲವಲ್ಲ!"

"ಇರೋದಿಲ್ಲಮ್ಮ," ಎಂದರು ಅವರು, ಟೀ ಕಲಕುತ್ತಾ. "ಇವೆಲ್ಲ ನಾನು ಪಾಠ ಮಾಡೋವಾಗ ಹುಡುಗಿಯರ ಡೆಸ್ಕಿನ ಕೆಳಗಿಂದ ಕಿತ್ತುಕೊಂಡದ್ದು. ಒಳ್ಳೆ ಹುಡುಗೀರ ಹತ್ತಿರ ಕಿತ್ತುಕೊಳ್ಳೋಕೆ ಏನೂ ಇರ್ತಿರಲಿಲ್ಲ."

ಮಳೆ ಬಂತು

ಅದಾಗಿ ಸ್ವಲ್ಪ ದಿನಕ್ಕೆ ಮಗಳು ಅಡುಗೆಮನೆಗೆ ಬಂದು, "ಅಮ್ಮಾ, ಯಾವ ಕಾಳು ಗಟ್ಟಿ, ಯಾವುದು ಮೆತ್ತಗೆ?" ಎಂದಳು. ಅಡುಗೆ ಕಲಿಯುವ ಆಸೆ ಬಂತು ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಡಬ್ಬಿಗಳನ್ನೆಲ್ಲ ಇಳಿಸಿ ಕಡಲೆಕಾಳು, ಅಲಸಂದೆ, ಹೆಸರುಕಾಳು, ಒಂದೊಂದನ್ನೂ ತೋರಿಸಿದೆ. ಅವಳು ಹೆಸರುಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಇದು ಸಾಕು" ಎಂದು ಒಂದು ಬಟ್ಟಲು ತೆಗೆದುಕೊಂಡು ಹೋದಳು. ಕಾಮಿಕ್ಸಿನ ಹುಡುಗಿಯರು ಕೊಳವೆಯಲ್ಲಿ ಬಟಾಣಿ ಊದಿ ಹೊಡೆಯುತ್ತಾರೆ ಎಂಬುದು ನನಗಿನ್ನೂ ಗೊತ್ತಿರಲಿಲ್ಲ.

ಆಗ ಕ್ಯಾಲಿಫೋರ್ನಿಯಾಕ್ಕೆ ಬರ ಬಂದ ಕಾಲ. ಹುಲ್ಲಿಗೆ ನೀರು ಬಿಡುವಂತಿಲ್ಲ, ಬೀದಿಯ ಲಾನೆಲ್ಲ ಒಣಗಿ ಕಂದು. ನಾವು ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೆವು. ಮೋಡ ಕಂಡರೆ ಸಾಕು, ಜನ ಹೊರಗೆ ಬಂದು ನಿಲ್ಲುವರು.

ಶುಕ್ರವಾರ ಸಂಜೆ ನನ್ನ ಗಂಡ ಟ್ರಾಫಿಕ್ಕಿನಲ್ಲಿ ಬೆಂದು ಬಂದು ಕಾರಿನಿಂದ ಇಳಿದರು. ಅವರ ತಲೆ ನುಣ್ಣಗೆ, ಬೋಳು. ಅದರ ಮೇಲೆ ಪಟಪಟ ಏನೋ ಬಿತ್ತು. ಅವರು ತಲೆ ಎತ್ತಿ ನೋಡಲೂ ಇಲ್ಲ. ಎರಡೂ ಕೈ ಚಾಚಿ, "ಏ, ಮಳಿ! ಮಳಿ ಬಂತು! ಹೊರಗ ಬಾ ಲಗೂನ!" ಎಂದು ಕೂಗಿದರು. ಧಾರವಾಡದವರು, ಖುಷಿಯಾದರೆ ಊರ ಮಾತೇ ಬರುವುದು. ಎದುರು ಮನೆಯ ಅಮೆರಿಕನ್ ಅಂಕಲ್ ಬರಿಗಾಲಲ್ಲಿ ಓಡಿ ಬಂದು ಅವರೂ ಕೈ ಚಾಚಿ ನಿಂತರು. ಮಹಡಿಯ ಕಿಟಕಿಯಲ್ಲಿ, ಬೋಬಾ ಟೀ ಕುಡಿಯುವ ದಪ್ಪ ಸ್ಟ್ರಾ ಬಾಯಲ್ಲಿಟ್ಟುಕೊಂಡು ಮಗಳು ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

ಬೈಗುಳವೆಲ್ಲ ಮುಗಿಯಿತು. ಆದರೆ ಕಾಳು ಅಲ್ಲೇ ಉಳಿದಿತ್ತು, ಬಕೆಟ್ ನೀರೂ ಬೀಳುತ್ತಿತ್ತು. ಇಡೀ ಬೀದಿ ಒಣಗಿ ನಿಂತಿದ್ದಾಗ ನಮ್ಮ ಬಾಗಿಲ ಮುಂದೆ ಮಾತ್ರ ಹಚ್ಚಗೆ ಚಿಗುರಿತು. ಎದುರು ಮನೆಯ ಅಂಕಲ್ ಬಂದು ಬಗ್ಗಿ ನೋಡಿ, "ಇಷ್ಟು ಕಮ್ಮಿ ನೀರಿಗೆ ಬರೋ ಲಾನು! ಇದರ ಹೆಸರೇನು?" ಎಂದು ಕೇಳಿದರು.

ನನ್ನ ಗಂಡ ಗಂಭೀರವಾಗಿ ಹೇಳಿದರು: "ಕೋಸಂಬರಿ."

ಮೇಜಿನ ಕೆಳಗೆ

ಶಾಲೆಗೆ ಒಂದು ವಾರ ರಜೆ, ನನಗೆ ರಜೆ ಸಿಗಲಿಲ್ಲ. ಹಾಗಾಗಿ ಆ ವಾರ ಮಗಳು ಅಪ್ಪನ ಜೊತೆ ವುಡ್‌ಲ್ಯಾಂಡ್ ಹಿಲ್ಸಿಗೆ ಹೋದಳು.

ಅಲ್ಲಿನ ಮ್ಯಾನೇಜರ್ ಬೆಂಗಳೂರಿನವರು. ಒಳ್ಳೆಯವರೇ, ಆದರೆ ಒಂದು ಅಭ್ಯಾಸ. ಮೀಟಿಂಗಿನಲ್ಲಿ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ, "ಸಾರಿ, ನಂಗೆ ಇನ್ನೊಂದು ಕಾಲ್ ಇದೆ" ಎಂದು ಎದ್ದು ಹೋಗಿಬಿಡುವರು. ನನ್ನ ಗಂಡನ ಟೀಮಿನವರೆಲ್ಲ ಊರಿಗೆ ಹೋಗಲು ರಜೆ ಕೇಳಿ ಕೇಳಿ ಸುಸ್ತಾಗಿದ್ದರು.

ಅವತ್ತು ಮೀಟಿಂಗ್ ನಡೆಯುವಾಗ ಮಗಳನ್ನು ಕಲರ್ ಪೆನ್ಸಿಲ್ ಕೊಟ್ಟು ದೊಡ್ಡ ಮೇಜಿನ ಕೆಳಗೆ ಕೂರಿಸಿದ್ದರು. ಒಬ್ಬ ರಜೆಯ ಮಾತು ತೆಗೆದ. ಮ್ಯಾನೇಜರ್ ಎಂದಿನಂತೆ, "ಸಾರಿ, ನಂಗೆ ಇನ್ನೊಂದು..." ಎನ್ನುತ್ತಾ ಅರ್ಧ ಎದ್ದವರು ಹಾಗೇ ಕೂತುಬಿಟ್ಟರು. ಮುಖ ಒಂಥರಾ ಆಯಿತು. ಮತ್ತೆ ಎದ್ದರು, ಮತ್ತೆ ಕೂತರು.

"ಸರ್, ಕಾಲ್ ಇದೆ ಅಂದ್ರಿ?"

"ಪರವಾಗಿಲ್ಲ," ಎಂದರು ಮ್ಯಾನೇಜರ್, ಬೆವರು ಒರೆಸಿಕೊಳ್ಳುತ್ತಾ. "ಇವತ್ತು ಎಲ್ಲಾ ಕೂತೇ ಮಾತಾಡೋಣ."

ಕೂತೇ ಮಾತಾಡಿದರು. ಒಬ್ಬೊಬ್ಬರೂ ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿದರು. ಎಲ್ಲರಿಗೂ ರಜೆ ಸಿಕ್ಕಿತು. ಎಲ್ಲರೂ ಹೊರಗೆ ಹೋದ ಮೇಲೆ ಮ್ಯಾನೇಜರ್ ಬಗ್ಗಿ, ಒಂದಕ್ಕೊಂದು ಗಂಟು ಹಾಕಿದ್ದ ತಮ್ಮ ಎರಡೂ ಶೂ ಲೇಸುಗಳನ್ನು ಬಿಚ್ಚಿಕೊಂಡರಂತೆ. ಮಗಳು ಕಾರಿನಲ್ಲಿ ವಿಷಯ ಹೇಳಿದಳು. ಮರುದಿನ ಬೆಳಿಗ್ಗೆಯೇ ಅಪ್ಪ ಅವಳನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿದರು. ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ, "ಇನ್ನುಮೇಲೆ ಲೇಸಿಲ್ಲದ ಶೂ ಹಾಕ್ತೀನಿ ಪುಟ್ಟಾ" ಎಂದು ನಕ್ಕರು.

ಟೀಮಿನವರು ಮಾತ್ರ ನನ್ನ ಗಂಡನನ್ನು ಕಾಫಿ ಮೆಷಿನ್ ಹತ್ತಿರ ಮೂಲೆಗೆ ಎಳೆದುಕೊಂಡು ಕೇಳಿದರಂತೆ: "ಸಂಬಳದ ಮಾತಾಡೋದಿದೆ. ಮಗಳ ಶಾಲೆಗೆ ಮತ್ತೆ ರಜೆ ಯಾವಾಗ?"

ಯಾವ ಪಾತ್ರ?

ಅಷ್ಟರಲ್ಲಿ ಧಾರವಾಡದಿಂದ ನಮ್ಮತ್ತೆ ಬಂದರು. ಮೊಮ್ಮಗಳು ಕಾಮಿಕ್ಸಿನ ಚಿತ್ರ ತೋರಿಸುವುದು, ಅಜ್ಜಿ "ಅಯ್ಯ ಇಕಿನ! ಎಂಥಾ ಕಿಡಿಗೇಡಿ!" ಎಂದು ಕಣ್ಣೀರು ಬರುವಷ್ಟು ನಗುವುದು. ಮಗಳಿಗೆ ಬುದ್ಧಿ ಹೇಳಲು ಒಬ್ಬರು ಸಿಕ್ಕರು ಅಂದುಕೊಂಡಿದ್ದೆ. ಅವಳ ಪಾರ್ಟಿಗೇ ಒಂದು ಓಟು ಹೆಚ್ಚಾಯಿತು.

ಲಾಸ್ ಏಂಜಲೀಸಿನಲ್ಲಿ ಒಂದು ಕಾಮಿಕ್ಸ್ ಮೇಳ. ಎಲ್ಲರೂ ಯಾವುದಾದರೂ ಪಾತ್ರದ ವೇಷ ಹಾಕಿಕೊಂಡು ಬರುವ ಜಾಗ. ಮಗಳು ಕೆದರಿದ ಜಡೆ, ವಾರೆ ಟೈ, ಇಂಕಿನ ಕಲೆಯ ಶರ್ಟು ಹಾಕಿಕೊಂಡು ಇಂಗ್ಲಿಷ್ ತುಂಟಿಯಾಗಿ ಹೊರಟಳು. ಅಲ್ಲಿ ಯಾರಿಗೂ ಅವಳು ಯಾರೆಂದು ತಿಳಿಯಲಿಲ್ಲ. "ಪಾಪ, ಮಗು ಎಲ್ಲಾದರೂ ಬಿತ್ತಾ?" ಎಂದು ಒಬ್ಬಾಕೆ ಬ್ಯಾಂಡೇಜ್ ಬೇರೆ ಕೊಟ್ಟರು.

ಜನ ಮುತ್ತಿಕೊಂಡದ್ದು ನಮ್ಮತ್ತೆಯನ್ನು. ಕೆಂಪು ಸೆರಗಿನ ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ದೊಡ್ಡ ಮೂಗುಬೊಟ್ಟು, ಬಿಸಿಲಿಗೆಂದು ಕೈಯಲ್ಲಿ ಕೊಡೆ. ರೆಕ್ಕೆ ಕಟ್ಟಿಕೊಂಡವರು, ಕತ್ತಿ ಹಿಡಿದವರು ಎಲ್ಲರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅತ್ತೆ ಒಂದೊಂದಕ್ಕೂ ಕೊಡೆ ನೆಟ್ಟಗೆ ಊರಿ ಪೋಸು ಕೊಟ್ಟರು.

ಹಸಿರು ಬಣ್ಣ ಬಳಿದುಕೊಂಡ ರಾಕ್ಷಸನೊಬ್ಬ ಭಕ್ತಿಯಿಂದ ಕೇಳಿದ: "ಇವರು ಯಾವ ಪಾತ್ರ?"

"ನನ್ನ ಮದರ್ ಇನ್ ಲಾ," ಎಂದೆ.

ರಾಕ್ಷಸ ಎರಡು ಹೆಜ್ಜೆ ಹಿಂದೆ ಸರಿದ. "ಗೊತ್ತು," ಎಂದ. "ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ."

ಸ್ಲಿಪ್ಪರ್

ಇಷ್ಟಾದ ಮೇಲೆ ಶಾಲೆಯಿಂದ ಫೋನ್ ಬಂತು. ಮಗಳು ಟೀಚರ್ ಕುರ್ಚಿಯ ದಿಂಬಿನ ಕೆಳಗೆ ಅರ್ಧ ಊದಿದ ಬಲೂನು ಇಟ್ಟಿದ್ದಳು. ಟೀಚರ್ ಕೂತರು, ಬರಬಾರದ ಸದ್ದು ಬಂತು, ಕ್ಲಾಸು ನಕ್ಕಿತು, ಟೀಚರ್ ಕೂಡ ನಕ್ಕರು. ಇಷ್ಟಕ್ಕೇ ಮುಗಿಯಬೇಕಿತ್ತು.

ಆದರೆ ಶಾಲೆಯ ಕೌನ್ಸೆಲರ್ ಅವಳನ್ನು ಕರೆದು ಮೆಲ್ಲಗೆ, "ಹೀಗೆ ಮಾಡಿದಾಗ ನಿನಗೆ ಏನನ್ನಿಸಿತು?" ಎಂದು ಕೇಳಿದ್ದಾರೆ. ಮಗಳಿಗೆ ನಿರಾಸೆ. ಆ ಹಳೇ ಕಾಮಿಕ್ಸಿನಲ್ಲಿ ತುಂಟಿಗೆ ಕೊನೆಯ ಚೌಕದಲ್ಲಿ ಚಪ್ಪಲಿ ಏಟು ಖಾಯಂ. "ಇಷ್ಟೇನಾ ಶಿಕ್ಷೆ?" ಎಂದಿದ್ದಾಳೆ. "ಸ್ಲಿಪ್ಪರ್ ಇಲ್ವಾ? ನಮ್ಮಜ್ಜಿ ಹತ್ತಿರ ಇದೆ."

ಸಂಜೆಯೊಳಗೆ ನನಗೂ ಅತ್ತೆಗೂ ಬುಲಾವ್. ಈ ದೇಶದಲ್ಲಿ ಮಗುವಿಗೆ ಹೊಡೆಯುತ್ತಾರೆ ಎಂಬ ಅನುಮಾನ ಬಂದರೂ ಶಾಲೆಯವರು ಸರ್ಕಾರಕ್ಕೆ ತಿಳಿಸಲೇಬೇಕು. ಆಮೇಲೆ ಮನೆಗೆ ಅಧಿಕಾರಿಗಳು ಬರುತ್ತಾರೆ, ಮಗುವನ್ನು ಬೇರೆ ಕೂರಿಸಿ ಕೇಳುತ್ತಾರೆ. ಅತ್ತೆಗೆ ಹೇಳಿದರೆ ಗಾಬರಿಯಾದಾರು ಎಂದು ದಾರಿಯಲ್ಲಿ ಏನೂ ಹೇಳಲಿಲ್ಲ.

ಮಗಳನ್ನು ಹೊರಗೆ ಕೂರಿಸಿ ನಮ್ಮನ್ನು ಒಳಗೆ ಕರೆದರು. ಕೌನ್ಸೆಲರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗಿನ ದನಿ. ನೇರ ಅತ್ತೆಯನ್ನೇ ಕೇಳಿದರು: "ಅಜ್ಜಿ, ನೀವು ಸ್ಲಿಪ್ಪರ್ ಬಳಸ್ತೀರಾ?"

ಅತ್ತೆಗೆ ತಮ್ಮ ಇಂಗ್ಲಿಷಿನ ಮೇಲೆ ಹೆಮ್ಮೆ. "ಯೆಸ್, ಯೆಸ್. ಡೈಲಿ," ಎಂದರು. "ಮಾರ್ನಿಂಗ್ ಒನ್ ಅವರ್. ಈವ್ನಿಂಗ್ ಒನ್ ಅವರ್."

ಕೌನ್ಸೆಲರ್ ಪೆನ್ನು ಕೈಗೆತ್ತಿಕೊಂಡರು. ನಾನು, "ಹಾಗಲ್ಲ, ಅವರು ಹೇಳ್ತಿರೋದು..." ಎಂದು ಬಾಯಿ ಹಾಕಿದೆ. ಆಕೆ ಕೈ ಎತ್ತಿ ತಡೆದರು. "ದಯವಿಟ್ಟು. ಅವರೇ ಹೇಳಲಿ. ಆಗ ಮಗುವೂ ಜೊತೆಗಿರ್ತಾಳಾ?"

"ಸಮ್‌ಟೈಮ್ಸ್. ಶಿ ಕ್ರೈಯಿಂಗ್. ಅಜ್ಜಿ, ಸ್ಟಾಪ್, ಸ್ಟಾಪ್. ಐ ನೋ ಸ್ಟಾಪ್."

"ಯಾಕೆ ನಿಲ್ಲಿಸಲ್ಲ?"

"ಡಾಕ್ಟರ್ ಟೋಲ್ಡ್."

"ಡಾಕ್ಟರ್ ಹೇಳಿದ್ದಾ!"

"ಯೆಸ್. ಆಫ್ಟರ್, ಬಾಡಿ ವೆರಿ ಗುಡ್. ಸ್ಲೀಪ್ ವೆರಿ ಗುಡ್."

ಕೌನ್ಸೆಲರ್ ಅತ್ತೆಯ ಕಾಲನ್ನೇ ನೋಡುತ್ತಾ ಕೂತರು. ಅತ್ತೆ ಅದನ್ನು ಗಮನಿಸಿದರು. ಈ ಹುಡುಗಿಗೆ ಚಪ್ಪಲಿ ಬಹಳ ಹಿಡಿಸಿದೆ ಎಂದು ಅವರಿಗೆ ಖಾತ್ರಿಯಾಯಿತು. ಮುಂದೆ ಬಗ್ಗಿ, ಬಲು ಅಕ್ಕರೆಯಿಂದ, "ಯು ವಾಂಟ್? ಐ ಗಿವ್ ಯು ಆಲ್ಸೋ," ಎಂದು ಒಂದು ಚಪ್ಪಲಿಯನ್ನು ಕಾಲಿನಿಂದ ಬಿಚ್ಚಿ ಕೈಯಲ್ಲಿ ಎತ್ತಿ ಹಿಡಿದರು.

ಕೌನ್ಸೆಲರ್ ಕುರ್ಚಿಸಮೇತ ಗೋಡೆಯವರೆಗೆ ಹೋದರು. "ಅತ್ತೇ, ಕೆಳಗಿಡಿ ಅದನ್ನ!" ಎಂದು ನಾನು ಕಿರುಚಿದೆ. ಕಿರುಚಾಟ ಕೇಳಿ ಮಗಳು ಬಾಗಿಲು ತಳ್ಳಿಕೊಂಡು ಬಂದಳು. ಬಾಗಿಲಾಚೆ ಮಾತೆಲ್ಲ ಕೇಳಿಸಿತ್ತು, ಒಂದು ನೋಟಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು. ಅಜ್ಜಿಗೆ ಶುಗರ್ ಇದೆ, ಡಾಕ್ಟರ್ ನಡೆಯಲು ಹೇಳಿದ್ದಾರೆ, ಆ ಚಪ್ಪಲಿ ಹಾಕಿಕೊಂಡು ಪಾರ್ಕಿನಲ್ಲಿ ಜೋರಾಗಿ ನಡೆಯುತ್ತಾಳೆ, ನನಗೆ ಕಾಲು ನೋವಾಗಿ ನಿಲ್ಲು ಅಂತ ಅಳ್ತೀನಿ, ಏಟು ಬೀಳೋದು ಕಾಮಿಕ್ಸಿನಲ್ಲಿ ಮಾತ್ರ, ಅಂತ ಒಂದೇ ಉಸಿರಿಗೆ ಹೇಳಿದಳು. ತನ್ನ ಬ್ಯಾಗಿನಿಂದ ಕಾಮಿಕ್ಸನ್ನೂ ತೆಗೆದು ತೋರಿಸಿದಳು.

ಕೌನ್ಸೆಲರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಕೈ ತೆಗೆದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು. ಬಾಗಿಲವರೆಗೆ ಬಂದು ಅತ್ತೆಯ ಕೈ ಹಿಡಿದು ಕಳಿಸಿಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಪಾರ್ಕಿಂಗ್ ಲಾಟಿನಲ್ಲಿ ಅತ್ತೆ ತಟ್ಟನೆ ನಿಂತರು. "ಹುಡುಗಿ ಭಾಳ ಚಲೋ. ಆದ್ರ ನಾಚಿಕಿ ಸ್ವಭಾವ, ಬೇಕಂತ ಬಾಯಿಬಿಟ್ಟ ಹೇಳಲಿಲ್ಲ ನೋಡ. ಹೋಗ, ಅಕಿ ಕಾಲಿನ ಅಳತಿ ಕೇಳ್ಕೊಂಡ ಬಾ," ಎಂದರು. "ಮುಂದಿನ ಸಲ ಬಂದಾಗ ಅಕಿಗೂ ಎರಡು ಕೊಟ್ಟೇ ಹೋಗ್ತೀನಿ."