ಇವತ್ತು ಎಷ್ಟು ಕ್ಲಿಪ್ಪಿನ ಗಾಳಿ?

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದುವರೆಗೆ ನಾನು ಬರೆದದ್ದೆಲ್ಲ ರಜೆ ಅರ್ಜಿಗಳೇ, ಆದ್ದರಿಂದ ಹೇಳುವುದು ಹಿಂದುಮುಂದಾಗಬಹುದು. ಆದರೆ ಗಾಳಿಯ ವಿಷಯದಲ್ಲಿ ನನಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಮ್ಮ ಮನೆ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ, ಏಳನೆಯ ಮಹಡಿಯಲ್ಲಿ. ಅದೇ ಕೊನೆಯ ಮಹಡಿ. ಮೇಲೆ ಟೆರೇಸ್, ಅಂದರೆ ಮಳೆಗೂ ನಮ್ಮ ಹಾಸಿಗೆಗೂ ನಡುವೆ ಒಂದೇ ಸ್ಲ್ಯಾಬ್. ಹೋದ ಮಳೆಗಾಲ ಅದು ಸೋರಿ, ನಾನೂ ಹೆಂಡತಿಯೂ ನಡುವೆ ಬಕೆಟ್ ಇಟ್ಟುಕೊಂಡು ಮಲಗಿದ್ದೆವು. ಈ ವರ್ಷ ಟೆರೇಸಿಗೆ ನೀಲಿ ತಾಡಪತ್ರಿ, ಅಂದರೆ ಟಾರ್ಪಾಲು, ಹೊದಿಸಲು ಬಿಲ್ಡಿಂಗಿನ ಸೊಸೈಟಿ ಒಪ್ಪಿತು. ಷರತ್ತು ಒಂದೇ: ಹಾರಿಹೋದರೆ ಇನ್ನೊಂದು ಸಿಗದು. ಗಾಳಿ ಕಡಿಮೆ ಇರುವ ದಿನ ಹುಡುಕುವ ಕೆಲಸ ನನಗೆ ಬಿತ್ತು. ನನ್ನ ಫೋನಿನಲ್ಲಿ ಗಾಳಿಯ ಆ್ಯಪ್ ಇದೆ, ಅದಕ್ಕೆ.

೧. ಕೊಡೆ

ಆ್ಯಪ್‌ನಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಗಾಳಿಯ ಸರಾಸರಿ ವೇಗ, ಗಂಟೆಗೆ ಇಷ್ಟು ಕಿಲೋಮೀಟರ್ ಎಂದು. ಎರಡನೆಯದು ಗಸ್ಟ್, ಅಂದರೆ ನಡುನಡುವೆ ರಪ್ಪೆಂದು ಬಂದುಹೋಗುವ ಜೋರು ಗಾಳಿ. ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ ಫಾಸ್ಟ್ ಲೋಕಲ್ ನಿಲ್ಲದೆ ಹೋಗುತ್ತದಲ್ಲ, ಹಾಗೆ. ಇದು ನನಗೆ ಆಮೇಲೆ ತಿಳಿದದ್ದು. ಮೊದಲ ದಿನ ಮೊದಲ ಅಂಕಿ ಮಾತ್ರ ನೋಡಿ, ಗೇಟಿನಲ್ಲಿ ಸೊಸೈಟಿಯ ಸೆಕ್ರೆಟರಿಯವರಿಗೆ, "ಇವತ್ತು ಬರೀ ಹನ್ನೆರಡು. ಎಲೆಯೂ ಅಲುಗದು" ಎಂದು ಹೇಳಿ, ಬಿಸಿಲಿಗೆ ಕೊಡೆ ಬಿಚ್ಚಿದೆ. ಎರಡು ಬಿಲ್ಡಿಂಗುಗಳ ಸಂದಿಯಲ್ಲಿ ಅದು ಮಗುಚಿ ಬಟ್ಟಲಾಯಿತು.

ಸೆಕ್ರೆಟರಿ ಮರಾಠಿಯವರು. ಕರ್ನಾಟಕದವರನ್ನೆಲ್ಲ ವಯಸ್ಸು ಕೇಳದೆ ಅಣ್ಣಾ ಎನ್ನುತ್ತಾರೆ. "ಎಲೆ ಅಲುಗಲಿಲ್ಲ ಅಣ್ಣಾ, ಸರಿಯಾಗೇ ಹೇಳಿದಿರಿ. ಇಲ್ಲಿ ಗಿಡ ಎಲ್ಲಿದೆ?"

೨. ಕ್ಲಿಪ್

ನನ್ನ ಹೆಂಡತಿ ಧಾರವಾಡದವಳು. ಅವಳಿಗೆ ಆ್ಯಪ್ ಬೇಡ. ಬೆಡ್‌ಶೀಟ್ ಹಾರದಿರಲು ಹಗ್ಗಕ್ಕೆ ಎಷ್ಟು ಕ್ಲಿಪ್ ಹಾಕಬೇಕೋ, ಅವಳಿಗೆ ಅದೇ ಗಾಳಿಯ ಅಳತೆ.

"ಇವತ್ತ ನಾಕು ಕ್ಲಿಪ್ಪಿನ ಗಾಳಿ ಐತ್ರಿ" ಎಂದಳು ಒಂದು ಬೆಳಿಗ್ಗೆ.

"ಆ್ಯಪ್ ಹತ್ತು ಅನ್ನುತ್ತಿದೆ" ಎಂದು ನಾನು ನನ್ನ ಆಫೀಸಿನ ಅಂಗಿಗೆ ಒಂದೇ ಕ್ಲಿಪ್ ಹಾಕಿದೆ. ಅರ್ಧ ಗಂಟೆಯಲ್ಲಿ ಅದು ಎದುರಿನ ಬಿಲ್ಡಿಂಗಿನ ಡಿಶ್ ಆ್ಯಂಟೆನಾ ಮೇಲಿತ್ತು.

ಅವಳು ಕಿಟಕಿಯಿಂದ ನೋಡಿ ಹೇಳಿದಳು: "ಇನ್ನೂ ನೀವ ಚಾ ಕುಡ್ಯಾಕತ್ತೀರಿ, ನಿಮ್ಮ ಅಂಗಿ ಆಗಲೇ ಆಫೀಸಿಗೆ ಹೊಂಟೈತಿ."

೩. ವಿಸಿಟರ್

ತಾಡಪತ್ರಿ ಹೊದಿಸುವ ದಿನ ಗೊತ್ತುಮಾಡಲು ಕಮಿಟಿ ಮೀಟಿಂಗ್ ಕರೆದರು. ಭಾನುವಾರ ಬೇಡ, ಗಾಳಿ ಹದಿನೆಂಟು, ಗಸ್ಟ್ ನಲವತ್ತೈದು ಎಂದೆ.

ಸೆಕ್ರೆಟರಿ ಪೆನ್ ಎತ್ತಿಕೊಂಡರು. "ಹದಿನೆಂಟೋ ನಲವತ್ತೈದೋ, ಒಂದು ಹೇಳಿ ಅಣ್ಣಾ. ಮಿನಿಟ್ಸ್‌ನಲ್ಲಿ ಬರೆಯಬೇಕು."

"ಎರಡೂ ಸರಿಯೇ."

"ಹಾಗಾಗಲ್ಲ. ಈ ಗಸ್ಟ್ ಎಷ್ಟು ಹೊತ್ತು ಇರುತ್ತದೆ?"

"ಕೆಲವು ಸೆಕೆಂಡು."

"ಹಾಗಾದರೆ ಅದು ಮೆಂಬರ್ ಅಲ್ಲ, ವಿಸಿಟರ್. ಲೆಕ್ಕಕ್ಕಿಲ್ಲ."

ಭಾನುವಾರವೇ ಆಗಲಿ ಎಂದು, ಹದಿನೆಂಟು ಬಹುಮತದಿಂದ ಪಾಸಾಯಿತು.

೪. ಇವತ್ತು

ಇವತ್ತೇ ಆ ಭಾನುವಾರ. ಬೆಳಿಗ್ಗೆ ತಾಡಪತ್ರಿ ಹೊದಿಸಿ, ಹಗ್ಗ ಕಟ್ಟಿ, ಸುತ್ತ ಇಟ್ಟಿಗೆ ಇಟ್ಟಾಯಿತು. ಸೆಕ್ರೆಟರಿ ಟೆರೇಸಿನಲ್ಲೇ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದಾರೆ. ಹೆಂಡತಿಗೆ ಮಾತ್ರ ನಂಬಿಕೆಯಿಲ್ಲ. ಮನೆಯ ಕ್ಲಿಪ್ಪುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಮೇಲೆ ಹೋಗಿದ್ದಾಳೆ. ನಾನು ಕೆಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಹದಿನೆಂಟಕ್ಕೂ ನಲವತ್ತೈದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ವೇಗ ಎರಡೂವರೆ ಪಟ್ಟಾದರೆ ಗಾಳಿಯ ಒತ್ತಡ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಹೆಚ್ಚಾಗುತ್ತದೆ. ಕಮಿಟಿಗೆ ಇದನ್ನು ಹೇಳಲು ಬಿಡಲಿಲ್ಲ. ಸುಲಭವಾಗಿ ಹೇಳುತ್ತೇನೆ. ಈಗ ಒಂದು ಬೆಡ್‌ಶೀಟ್ ತೆಗೆದುಕೊಳ್ಳಿ, ಅದರ ಒಂದು ಮೂಲೆಯನ್ನು

ತಡೆಯಿರಿ, ಮೆಟ್ಟಿಲಿನಿಂದ ಹೆಂಡತಿ ಕೂಗುತ್ತಿದ್ದಾಳೆ.

"ರೀ! ಬರಿಯೂದು ಬಿಟ್ಟು ಮ್ಯಾಲೆ ಓಡಿ ಬರ್ರಿ! ನಿಮ್ಮ ವಿಸಿಟರ್ ಬಂದಾನ. ಕ್ಲಿಪ್ ಎಲ್ಲಾ ಮುಗದಾವು. ಒಂದು ಮೂಲಿಗೆ ಸೆಕ್ರೆಟರಿನ್ನ ಹಚ್ಚೀನಿ, ಇನ್ನೊಂದಕ್ಕ ನೀವು ಬೇಕು!"