ನಾಲ್ಕು ಗಂಟೆಗೇ ಮರಳಿದ ನನ್ನನ್ನು ಹುಡುಕಿಕೊಡಿ

ದೋಣಿಕಟ್ಟೆಯ ಮೇಲ್ವಿಚಾರಕರಿಗೆ, ಮತ್ತು ಅಲ್ಲಿ ಹುಟ್ಟು ಹಾಕುವ ಸಕಲರ ಗಮನಕ್ಕೆ

ಮಾನ್ಯರೇ,

ಹೊಳೆಯ ದೋಣಿಕಟ್ಟೆಯನ್ನೂ ಅದರ ಬೀಗವನ್ನೂ ಎಲ್ಲಕ್ಕಿಂತ ಮುಖ್ಯವಾಗಿ ಹೋದವರು ಬಂದವರು ಸಹಿ ಹಾಕುವ ಆ ದಪ್ಪ ಪುಸ್ತಕವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ ತಮಗೆ ಮೊದಲ ವರ್ಷದ ವಿದ್ಯಾರ್ಥಿನಿಯ ಗೌರವಪೂರ್ವಕ ನಮಸ್ಕಾರಗಳು. ಇಂಥ ಫಾರ್ಮಲ್ ಲೆಟರ್ ಬರೆದು ರೂಢಿಯಿಲ್ಲ. ಎಲ್ಲಾದರೂ ಮರ್ಯಾದೆ ಕಡಿಮೆಯಾಗಿದ್ದರೆ ಬೇಕೆಂದೇ ಮಾಡಿದ್ದಲ್ಲ ಎಂದುಕೊಳ್ಳಿ.

ಕಳೆದ ಶನಿವಾರ ನಾನೂ ನನ್ನ ರೂಮ್‌ಮೇಟೂ ತಮ್ಮ ಕಟ್ಟೆಯಿಂದ ಕಯಾಕ್ ಇಳಿಸಿದೆವು. ಬೋರ್ಡಿನ ಹನ್ನೊಂದೂ ನಿಯಮಗಳನ್ನು ಎರಡೆರಡು ಸಲ ಓದಿದೆ, ಲೈಫ್ ಜಾಕೆಟ್ಟನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡೆ, ಗೂಡಿನಲ್ಲಿದ್ದ ಬಾತುಕೋಳಿಗೆ ಇಪ್ಪತ್ತು ಮೀಟರ್ ದೂರದಿಂದಲೇ ಮನಸ್ಸಿನಲ್ಲಿ ಸಾರಿ ಹೇಳಿದೆ, ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಜೇಬಿನಲ್ಲಿಟ್ಟುಕೊಂಡೆ. ಅದು ಈಗಲೂ ಸಾಕ್ಷಿಯಾಗಿ ನನ್ನ ಬಳಿ ಇದೆ. ಹೊರಡುವಾಗ ತಮ್ಮ ಗುಮಾಸ್ತರು ಪುಸ್ತಕ ಮುಂದೆ ತಳ್ಳಿ, "ಹೋಗಿದ್ದು, ಬಂದಿದ್ದು, ಎರಡೂ ಕಡೆ ಈಗ್ಲೇ ಸೈನ್ ಹಾಕ್ಬಿಡಮ್ಮ. ಬಂದಿದ್ದು ನಾಲ್ಕು ಗಂಟೆ ಅಂತ ಬರಿ. ನಾಲ್ಕೂಕಾಲಿಗೆ ನನ್ನ ಬಸ್ಸು" ಎಂದರು. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಯಾವ ಪುಸ್ತಕ ತೋರಿಸಿದರೂ ಸಹಿ ಹಾಕಿಬಿಡುತ್ತೇನೆ. ನನ್ನ ಹಿಂದೆಯೇ ರೂಮ್‌ಮೇಟೂ ಹಾಕಿದಳು. ಹೀಗೆ ನೀರಿಗೆ ಇಳಿಯುವ ಮೊದಲೇ ಸುರಕ್ಷಿತವಾಗಿ ಮರಳಿದ್ದೂ ಆಯಿತು. ಇಷ್ಟು ಅಪಾಯವಿಲ್ಲದ ಜಲವಿಹಾರ ಇನ್ನೆಲ್ಲಿ ಸಿಕ್ಕೀತು?

ಕಟ್ಟೆ ಆರರವರೆಗೆ ತೆರೆದಿರುತ್ತದೆ ಎಂಬುದೂ ಬೋರ್ಡಿನಲ್ಲಿತ್ತು. ಎದುರುಗಾಳಿಗೆ ಕೈ ಸೋತು ನಾವು ದಡ ಮುಟ್ಟಿದ್ದು ಐದಕ್ಕೆ. ಎಲ್ಲರೂ ಬಂದಾಗಿದೆ ಎಂದು ಪುಸ್ತಕ ಹೇಳಿದ್ದರಿಂದ ಗೇಟಿಗೆ ಬೀಗ ಬಿದ್ದಿತ್ತು. ಹಿಂದೆ ಹೊಳೆ, ಮುಂದೆ ಆಳೆತ್ತರದ ಬೇಲಿ, ನಡುವೆ ತಮ್ಮ 'ಮತ್ತೆ ಬನ್ನಿ' ಫಲಕ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಬಸ್ಸಿನಲ್ಲಿದ್ದ ಗುಮಾಸ್ತರು, "ಯಾರೂ ಬಾಕಿ ಇಲ್ವಲ್ಲಮ್ಮ, ನೀವಿಬ್ರೂ ಬಂದಿದ್ದೀರ, ಬುಕ್ ಕ್ಲೋಸ್ ಆಯ್ತು" ಎಂದರು. ಆ ದನಿಯಲ್ಲಿದ್ದ ನಂಬಿಕೆಗೆ ಒಂದು ಕ್ಷಣ ನನಗೇ ಡೌಟ್ ಬಂತು. ರೂಮ್‌ಮೇಟ್ ಮಾತ್ರ, "ಬಂದಿದ್ರೆ ನಮ್ಮ ಪ್ಯಾಂಟ್ ಯಾಕೆ ಒದ್ದೆ ಇದೆ, ಕೇಳೇ" ಎಂದಳು. ಏಳಕ್ಕೆ ಪಕ್ಕದ ತೋಟದ ಮಾಲಿಯೊಬ್ಬರು ಏಣಿ ತಂದು ನಮ್ಮನ್ನು ದಾಟಿಸಿದರು. ಪಾಪ, ಅವರು ಪುಸ್ತಕ ನೋಡಿರಲಿಲ್ಲ.

ಹಾಸ್ಟೆಲಿನ ಗೇಟು ಮುಚ್ಚುವುದು ಆರೂವರೆಗೆ. ನಾವು ಮುಟ್ಟಿದ್ದು ಎಂಟಕ್ಕೆ. ವಾರ್ಡನ್ ಮೇಡಂ ವಿಚಾರಿಸಿದಾಗ ತಾವು ತಡಮಾಡದೆ ಪುಸ್ತಕದ ಆ ಪುಟದ ಫೋಟೋ ಕಳಿಸಿದಿರಿ. ಇಲಾಖೆಯೊಂದು ಇಷ್ಟು ಬೇಗ ಉತ್ತರಿಸಿದ್ದನ್ನು ನಾನು ಕಂಡದ್ದು ಇದೇ ಮೊದಲು. "ನಾಲ್ಕಕ್ಕೇ ಬಂದಿದ್ದೀಯ, ಸೈನು ನಿಂದೇ. ಎಂಟರ ತನಕ ಎಲ್ಲಿ ತಿರುಗ್ತಿದ್ದೆ?" ಎಂದು ಮೇಡಂ ಕೇಳುತ್ತಿದ್ದಾರೆ. ಸೋಮವಾರದೊಳಗೆ ತಮ್ಮಿಂದ ಪತ್ರ ತರದಿದ್ದರೆ ಇಬ್ಬರೂ ರೂಮ್ ಖಾಲಿ ಮಾಡಬೇಕು.

ಆದ್ದರಿಂದ, ನಾಲ್ಕಕ್ಕೆ ನಾವು ಮರಳಿರಲಿಲ್ಲ ಎಂದು ಒಂದೇ ಒಂದು ಸಾಲು ಬರೆದುಕೊಡಿ. ಅಷ್ಟು ಚೆಂದದ ಪುಸ್ತಕವನ್ನು ಸುಳ್ಳು ಮಾಡಲು ಮನಸ್ಸು ಬಾರದಿದ್ದರೆ, ನಾಲ್ಕು ಗಂಟೆಗೆ ಬಂದ ಆ ಹುಡುಗಿಯನ್ನಾದರೂ ಹುಡುಕಿ ಹಾಸ್ಟೆಲಿಗೆ ಕಳಿಸಿ. ಸಹಿ ನನ್ನದರಂತೆಯೇ ಇರುತ್ತದೆ, ಪ್ಯಾಂಟ್ ಒಣಗಿರುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಎಂಟರ ತನಕ ಎಲ್ಲಿದ್ದಳೆಂದು ಅವಳೇ ಮೇಡಂಗೆ ಹೇಳಲಿ. ಕೇಳುವ ಕುತೂಹಲ ನನಗೂ ಇದೆ.

ತಮ್ಮ ವಿಶ್ವಾಸಿ,
ಪುಸ್ತಕದ ಪ್ರಕಾರ ಕ್ಷೇಮವಾಗಿರುವವಳು

ಮರೆತ ಮಾತು: ತಮಗೂ ಬಸ್ಸಿರಬಹುದು. ಅದಕ್ಕೇ, 'ಮೇಲ್ವಿಚಾರಕರ ಪತ್ರ ತಲುಪಿತು, ತುಂಬಾ ತೃಪ್ತಿಯಾಯಿತು' ಎಂದು ಕೆಳಗೆ ನಾನು ಈಗಲೇ ಸಹಿ ಹಾಕಿ, ಸೋಮವಾರ ನಾಲ್ಕು ಗಂಟೆ ಎಂದೂ ಬರೆದಿದ್ದೇನೆ. ಇನ್ನು ತಾವು ಪತ್ರ ಬರೆಯುವುದೊಂದೇ ಬಾಕಿ.